ಗೌರಿಯನ್ನು ಎಲ್ಲಿಂದ ತಿನ್ನಬೇಕು

"ಅಜ್ಜಾ, ಗೌರವ್ವನ ತೆಲಿ ತಿಂತೀಯೋ, ಕಾಲು ತಿಂತೀಯೋ?"

ಗೌರಿ ಹುಣ್ಣಿಮೆಯ ಮರುದಿನ ಮುಂಜಾನೆ ಮೊಮ್ಮಗಳು ಕೇಳಿದಳು. ಅವಳ ಅಂಗೈಯಲ್ಲಿ ಚೋಟುದ್ದದ ಸಕ್ಕರೆ ಗೌರಿ. ಹಿಂದಿನ ಸಂಜೆ ಇದೇ ಗೌರಿ ಆರತಿ ತಟ್ಟೆಯ ನಡುವೆ ಕೂತಿದ್ದಳು. ಸುತ್ತ ಸಕ್ಕರೆಯದೇ ಆನೆ, ಒಂಟೆ, ನವಿಲು, ತೇರು, ತುಳಸಿಕಟ್ಟೆ. ಓಣಿಯ ಹುಡುಗಿಯರು ಹೊಸ ಲಂಗ ಉಟ್ಟು, ದೀಪ ಆರದಂತೆ ಸೆರಗು ಅಡ್ಡ ಹಿಡಿದ ತಾಯಂದಿರ ಜತೆ ಗುಡಿಗೆ ಹೋಗಿ, ಹಾಡು ಹೇಳಿ, ಬೆಳಗಿ ಬಂದಿದ್ದರು. ರಾತ್ರಿ ದೇವರು, ಬೆಳಗಾದರೆ ತಿನಿಸು. ಮಗುವಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವಳಿಗಿದ್ದದ್ದು ಒಂದೇ ಗೊಂದಲ, ಎಲ್ಲಿಂದ ಸುರು ಮಾಡಬೇಕು ಅನ್ನುವುದು.

ನನ್ನ ಪಾಲಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಅದನ್ನೇ ಹೇಳಿದೆ. "ಇದು ದೇವರ ಸಕ್ಕರಿ ಅಜ್ಜಾ, ಏನೂ ಆಗೂದಿಲ್ಲ" ಅಂದಳು.

ಈ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಮ್ಮದು ಹನುಮನಹಳ್ಳಿ. ಮಗ್ಗುಲಲ್ಲೇ ಅಂಜನಾದ್ರಿ, 575 ಮೆಟ್ಟಿಲು. ಶನಿವಾರ ಬಂತೆಂದರೆ ಬೆಟ್ಟ ಇಳಿದು ಬಂದವರ ಕೈಯಲ್ಲೆಲ್ಲ ಫಳಾರ: ಚುರುಮುರಿ, ಬೆಂಡು, ಬತ್ತಾಸು, ಎರಡು ಹರಳು ಕಲ್ಲುಸಕ್ಕರೆ. ಚಹಾದ ಅಂಗಡಿ ಮುಂದೆ ಕೂತ ಮುದುಕ ಮೇಷ್ಟರ ಕೈಗೆ ಒಂದು ಚಿಟಿಕೆ ಹಾಕದೆ ಯಾರೂ ಮುಂದೆ ಹೋಗುವುದಿಲ್ಲ. ಬೇಡ ಎಂದರೆ ಬೇಜಾರು. "ಪ್ರಸಾದದಾಗ ಶುಗರ್ ಇರೂದಿಲ್ಲ ಬಿಡ್ರಿ ಸರ್." ಹೇಳಿದವನು ಬಿ.ಎಸ್ಸಿ. ಓದಿದ ಹುಡುಗ, ನನ್ನ ಹಳೇ ವಿದ್ಯಾರ್ಥಿ. ನಕ್ಕು ಸುಮ್ಮನಾದೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಪ್ರಸಾದದಲ್ಲಿ ಸಕ್ಕರೆ ಇರುತ್ತದೆಯೋ ಇಲ್ಲವೋ? ದೇವರ ಮುಂದೆ ಇಟ್ಟು ತೆಗೆದದ್ದರಲ್ಲಿ ತೂಕವೇನೂ ಕಡಿಮೆಯಾಗಿರುವುದಿಲ್ಲ. ಹಾಗಿದ್ದರೆ ದೇವರು ತಿಂದದ್ದಾದರೂ ಏನನ್ನು?

ಛಾಂದೋಗ್ಯ ಉಪನಿಷತ್ತು ಇದಕ್ಕೊಂದು ನೇರ ಉತ್ತರ ಕೊಟ್ಟಿದೆ. ದೇವತೆಗಳು ಉಣ್ಣುವವರೂ ಅಲ್ಲ, ಕುಡಿಯುವವರೂ ಅಲ್ಲ. ಅಮೃತವನ್ನು ಕಂಡೇ ತಣಿಯುತ್ತಾರಂತೆ. ಇದನ್ನು ಮೊದಲ ಸಲ ಓದಿದಾಗ ನಗು ತಡೆಯಲಾಗಲಿಲ್ಲ. ಡಾಕ್ಟರು ನನಗೆ ಬರೆದುಕೊಟ್ಟ ಪಥ್ಯವೂ ಅದೇ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿಕೊಳ್ಳಿ, ನೋಡಿ, ಎದ್ದುಬಿಡಿ. ದೇವತೆಗಳಿಗೆ ಅಭ್ಯಾಸವಾಗಿದೆ, ನನಗಿನ್ನೂ ಆಗಿಲ್ಲ.

ಗಂಗಾವತಿಯಲ್ಲಿ ನನ್ನ ಸೋದರಮಾವ ಗೌರಿ ಹುಣ್ಣಿಮೆಗೆ ಮುಂಚಿನ ಎರಡು ವಾರ ಗೊಂಬೆ ಹೊಯ್ಯುತ್ತಿದ್ದ. ದೀಪಾವಳಿ ರಜೆಗೆ ಹೋದರೆ ನನಗೂ ಕೆಲಸ. ತೇಗದ ಅಚ್ಚುಗಳು ಮಾಳಿಗೆಯಿಂದ ಇಳಿಯುತ್ತಿದ್ದವು, ಒಂದೊಂದೂ ಎರಡು ಹೋಳು, ತೇರಿನದು ಮಾತ್ರ ನಾಲ್ಕು. ಅವನ್ನು ನೀರಲ್ಲಿ ನೆನೆಹಾಕಬೇಕು. ಒಣ ಕಟ್ಟಿಗೆಗೆ ಹೊಯ್ದರೆ ಗೊಂಬೆ ಬಿಡುವುದಿಲ್ಲ, ಆನೆಯ ಸೊಂಡಿಲು ಅಚ್ಚಿನೊಳಗೇ ಉಳಿಯುತ್ತದೆ. ಪಾಕ ಕುದಿಯುವಾಗ ಒಂದಿಷ್ಟು ಹಾಲು ಬಿಟ್ಟರೆ ಹೊಲಸೆಲ್ಲ ಬೂದುಬಣ್ಣದ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ಸೌಟಿನಿಂದ ತೆಗೆಯುವುದು ನನ್ನ ಪಾಲು. ಆಮೇಲೆ ಮಾವ ಕಟ್ಟಿಗೆ ಹುಟ್ಟಿನಿಂದ ಪಾಕವನ್ನು ಪಾತ್ರೆಯ ಬದಿಗೆ ಉಜ್ಜುತ್ತಿದ್ದ. ಕನ್ನಡಿಯಂತಿದ್ದ ಪಾಕ ನೋಡನೋಡುತ್ತ ಹಾಲಿನಂತೆ ಬೆಳ್ಳಗಾಗುವ ಒಂದು ಗಳಿಗೆ ಇದೆ. ಅದಕ್ಕೆ ಮುಂಚೆ ಹೊಯ್ದರೆ ಅಂಟು, ತಡಮಾಡಿದರೆ ಪಾತ್ರೆಯಲ್ಲೇ ಕಲ್ಲು. ಆ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು ದಾರ ಬಿಚ್ಚಿದರೆ ಗೌರಿ ಬೆಚ್ಚಗೆ ಹೊರಬರುತ್ತಿದ್ದಳು. ಮುರಿದರೆ? ಮುರಿದ ಗೌರಿ ಮತ್ತೆ ಪಾಕದ ಪಾತ್ರೆಗೆ ಬಿದ್ದು ಕರಗಿ, ಮುಂದಿನ ಸಲ ಒಂಟೆಯಾಗಿ ಹೊರಡುತ್ತಿದ್ದಳು. ವೇದಾಂತದ ಪುಸ್ತಕಗಳು ನಾಮರೂಪ ಎಂದರೇನೆಂದು ಹೇಳಲು ಮಡಕೆ, ಮಣ್ಣು, ಚಿನ್ನ, ಬಳೆ ಎಂದು ಪುಟಗಟ್ಟಲೆ ಬರೆಯುತ್ತವೆ. ನನಗೆ ಅದು ಎಂಟನೇ ವಯಸ್ಸಿಗೇ, ಕೈ ಅಂಟು ಮಾಡಿಕೊಂಡು ತಿಳಿದಿತ್ತು.

ನನ್ನ ಅಜ್ಜಿ ಮಾತ್ರ ಈ ಗೊಂಬೆಗಳನ್ನು ಮುಟ್ಟುತ್ತಿರಲಿಲ್ಲ. ಮಿಲ್ಲಿನ ಸಕ್ಕರೆಯನ್ನು ಎಲುಬಿನಿಂದ ಸೋಸುತ್ತಾರೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ಪೂರ್ತಿ ಸುಳ್ಳಲ್ಲ, ಪಶ್ಚಿಮದ ಸಕ್ಕರೆ ಕಾರ್ಖಾನೆಗಳು ಬಿಳುಪಿಗಾಗಿ ಎಲುಬಿನ ಇದ್ದಿಲು ಬಳಸುತ್ತಿದ್ದದ್ದು ನಿಜ, ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಕ್ಕರೆ ಬಿಡಿ ಎನ್ನಲು ಅದೂ ಒಂದು ಕಾರಣವಾಗಿತ್ತು. ಅಜ್ಜಿಯ ದೇವರಿಗೆ ಬೆಲ್ಲವೇ ಗತಿ. ಹೊಳೆಯಾಚೆ ಹೊಸಪೇಟೆ ಸೀಮೆಯಲ್ಲಿ ವಿಜಯನಗರದರಸರು ತೋಡಿಸಿದ ಕಾಲುವೆ ನೀರಿಗೆ ಬೆಳೆದ ಕಬ್ಬಿನ ಬೆಲ್ಲ. ಹುಗ್ಗಿ, ಹೋಳಿಗೆ, ಮಾದಲಿ, ಎಲ್ಲದಕ್ಕೂ ಅದೇ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಗಾಡಿಗಟ್ಟಲೆ ರೊಟ್ಟಿಯ ಜತೆ ಹೋಗುವುದೂ ಬೆಲ್ಲದ ಮಾದಲಿಯೇ. ಬೆಲ್ಲದ ದೇವರು ಬೇರೆ, ಸಕ್ಕರೆಯ ದೇವರು ಬೇರೆ ಎಂಬಂತಿತ್ತು ಅಜ್ಜಿಯ ಲೆಕ್ಕ.

ಆದರೆ ಸಕ್ಕರೆಯೇನೂ ಪರದೇಶದ ಪಿಶಾಚಿಯಲ್ಲ. ಶರ್ಕರಾ ಎಂದರೆ ಸಂಸ್ಕೃತದಲ್ಲಿ ಮೊದಲಿಗೆ ಗರಸು, ಸಣ್ಣ ಕಲ್ಲು. ಖಂಡ ಎಂದರೆ ಒಡೆದ ತುಂಡು. ಅದು ಪಾರಸಿಯಲ್ಲಿ ಕಂದ್ ಆಗಿ, ಅರಬ್ಬರ ಬಾಯಿ ದಾಟಿ, ಇಂಗ್ಲಿಷಿನವರ ಕ್ಯಾಂಡಿ ಆಯಿತು. ಗುಂಡುಕಲ್ಲು ಬಿಟ್ಟರೆ ಬೇರೇನೂ ಕಾಣದ ಈ ಊರಲ್ಲಿ ಕೂತು, ಸಿಹಿಗೆ ಕಲ್ಲಿನ ಹೆಸರಿಟ್ಟವರನ್ನು ನೆನೆದರೆ ಖುಷಿಯಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನ ಹಾಲಿನ ಮಕ್ಕಳನ್ನು ಸಾಲಾಗಿ ಹೆಸರಿಸುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಮತ್ಸ್ಯಂಡಿಕಾ ಅಂದರೆ ಮೀನಿನ ತತ್ತಿಯಂಥ ಹರಳಿನದು. ಕ್ರಿ.ಶ. 647ರಲ್ಲಿ ಚೀನಾದ ಚಕ್ರವರ್ತಿ ತೈಜ಼ಾಂಗ್ ಸಕ್ಕರೆ ಮಾಡುವ ವಿದ್ಯೆ ಕಲಿತು ಬನ್ನಿ ಎಂದು ಮಗಧಕ್ಕೆ ಜನ ಕಳಿಸಿದ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ತನ್ನ ಮಾನಸೋಲ್ಲಾಸದ ಅನ್ನಭೋಗ ಭಾಗದಲ್ಲಿ ಮಂಡಿಗೆಯನ್ನು ರಾಜಗಾಂಭೀರ್ಯದಿಂದಲೇ ವರ್ಣಿಸಿದ. 1508ರ ಸುಮಾರಿಗೆ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲೇ ಬರೆದುಬಿಟ್ಟ, ಅಡುಗೆಗೂ ಛಂದಸ್ಸು.

ನನಗೆ ಇವರೆಲ್ಲರಿಗಿಂತ ಇಷ್ಟವಾದವನು ಅಬ್ದುಲ್ ರಜಾಕ್. 1443ರಲ್ಲಿ ಪರ್ಷಿಯಾದಿಂದ ವಿಜಯನಗರಕ್ಕೆ, ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ರಾಯಭಾರಿ. ಅರಮನೆಯಿಂದ ತನ್ನ ಬಿಡಾರಕ್ಕೆ ದಿನಾ ಬರುತ್ತಿದ್ದ ಸಾಮಾನಿನ ಪಟ್ಟಿಯನ್ನು ಅವನು ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ದಿನಕ್ಕೊಂದು ಮಣ ಸಕ್ಕರೆ! ಪರಿವಾರ ದೊಡ್ಡದಿದ್ದಿರಬೇಕು, ಇಲ್ಲದಿದ್ದರೆ ರಾಯಭಾರಿಯ ಗತಿ ನನ್ನದೇ. ಅದಾದ ಒಂದು ಶತಮಾನಕ್ಕೆ ಅದೇ ಪಟ್ಟಣದ ಹೊಳೆದಂಡೆಯಲ್ಲಿ ಪುರಂದರದಾಸರು ಹರಿನಾಮವನ್ನೇ ಕಲ್ಲುಸಕ್ಕರೆ ಮಾಡಿ ಕೂಗಿ ಮಾರಿದರು. ವ್ಯಾಪಾರ ಬಿಟ್ಟು ಬಂದವರಿಗೆ ವ್ಯಾಪಾರದ ಮಾತೇ ಭಕ್ತಿಗೂ ಒದಗಿತು. ಅವರ ಹೆಸರಿನ ಮಂಟಪ ನಮ್ಮ ಎದುರು ದಂಡೆಗೇ ಇದೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಮುಳುಗುತ್ತದೆ, ಇಳಿದ ಮೇಲೆ ಮತ್ತೆ ಮೈದೋರುತ್ತದೆ. ಕಲ್ಲು, ಸಕ್ಕರೆಯಲ್ಲವಲ್ಲ.

ಕರಗುವ ದೇವರನ್ನು ಬಸವಣ್ಣನವರು ಒಪ್ಪಲಿಲ್ಲ. ಅರಗಿನಂತೆ ಕರಗುವ, ಬೆಂಕಿ ಕಂಡರೆ ಮುರುಟುವ ದೈವವನ್ನು ಕೂಡಲಸಂಗಮನಿಗೆ ಸರಿಯೆಂದು ಹೇಗೆ ಎಣಿಸಲಿ ಎಂಬುದು ಅವರ ಪ್ರಶ್ನೆ. ಗಟ್ಟಿಯಾದ ಪ್ರಶ್ನೆ. ಆದರೂ ನನ್ನದೊಂದು ಅಡ್ಡಮಾತಿದೆ. ಅರಗಿನ ದೇವರು ಕರಗಿದರೆ ಅದು ಅವನ ಸೋಲು. ಸಕ್ಕರೆ ಗೌರಿ ಕರಗದೇ ಉಳಿದರೆ ಅದು ಅವಳ ಸೋಲು. ಅವಳು ಹೊರಟಿದ್ದೇ ಕರಗುವುದಕ್ಕೆ. ಮಣ್ಣಿನ ಗಣಪ ನೀರಿನಲ್ಲಿ ಕರಗುತ್ತಾನೆ, ನಾವು ದಡದಲ್ಲಿ ನಿಂತು ನೋಡುತ್ತೇವೆ. ಗೌರಿ ನಮ್ಮ ನಾಲಿಗೆಯ ಮೇಲೆ ಕರಗುತ್ತಾಳೆ. ವಿಸರ್ಜನೆಗೆ ನಾವೇ ಕೆರೆ.

ಮೆಕ್ಸಿಕೊ ದೇಶದಲ್ಲಿ ಹೆಚ್ಚುಕಡಿಮೆ ಇದೇ ಕಾರ್ತಿಕದ ದಿನಗಳಲ್ಲಿ, ನವೆಂಬರ್ ಮೊದಲ ವಾರ, ಸತ್ತವರ ಹಬ್ಬಕ್ಕೆ ಅಚ್ಚಿನಿಂದ ಸಕ್ಕರೆಯ ತಲೆಬುರುಡೆ ಮಾಡುತ್ತಾರೆ. ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಬದುಕಿದ್ದವರ ಹೆಸರೂ ನಡೆಯುತ್ತದೆ. ಹುಡುಗರು ತಮ್ಮದೇ ಹೆಸರಿನ ಬುರುಡೆಯನ್ನು ಕಟುಂ ಎಂದು ಕಡಿಯುತ್ತಾರೆ. ಆ ಸಕ್ಕರೆ ಕಲೆಗೆ ಅವರು ಆಲ್ಫೆನ್ಯೀಕೆ ಎನ್ನುತ್ತಾರೆ. ಬೇರು ಹುಡುಕಿದರೆ ಅರಬ್ಬಿಯ ಅಲ್ ಫಾನೀದ್, ಅದರ ಹಿಂದೆ ಪಾರಸಿ, ಅದರ ಹಿಂದೆ ಕೌಟಿಲ್ಯನ ಪಟ್ಟಿಯ ಮೊದಲ ಹೆಸರು, ಫಾಣಿತ. ನಮ್ಮ ಗೌರಿಗೂ ಅವರ ಬುರುಡೆಗೂ ಅಜ್ಜಿ ಒಬ್ಬಳೇ. ಒಂದು ಕಡೆ ಜನ ದೇವರನ್ನು ತಿನ್ನುತ್ತಾರೆ, ಇನ್ನೊಂದು ಕಡೆ ತಮ್ಮ ಸಾವನ್ನು. ಎರಡನ್ನೂ ಹಲ್ಲಿನಿಂದ ಪರೀಕ್ಷಿಸುವ ಧೈರ್ಯ ಮಕ್ಕಳಿಗೇ ಇರುವುದು.

ಸಕ್ಕರೆಯಾಗಬೇಕೋ, ಸಕ್ಕರೆ ತಿನ್ನಬೇಕೋ ಎಂಬ ಜಗಳ ಹಳೆಯದು. ಬಂಗಾಳದ ಭಕ್ತಕವಿ ರಾಮಪ್ರಸಾದ ತನಗೆ ರುಚಿ ಬೇಕು, ತಾನೇ ಸಕ್ಕರೆಯಾಗುವುದು ಬೇಡ ಎಂದ. ರಾಮಕೃಷ್ಣರು ಅದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ಸಕ್ಕರೆ ಬೆಟ್ಟಕ್ಕೆ ಹೋದ ಇರುವೆಯ ಕಥೆಯೂ ಅವರದೇ: ಒಂದು ಹರಳಿಗೆ ಹೊಟ್ಟೆ ತುಂಬಿತು, ಇನ್ನೊಂದನ್ನು ಬಾಯಲ್ಲಿ ಕಚ್ಚಿ ಹೊರಟಿತು, ಮುಂದಿನ ಸಲ ಇಡೀ ಬೆಟ್ಟ ಹೊತ್ತು ತರುತ್ತೇನೆ ಅಂದುಕೊಳ್ಳುತ್ತ. ನಮ್ಮಲ್ಲಿ ಈ ಜಗಳದ ಎರಡೂ ಕಕ್ಷಿ ಕೂಗಿದರೆ ಕೇಳುವಷ್ಟು ಹತ್ತಿರ ಇವೆ. ಆನೆಗುಂದಿಯ ನಡುಗಡ್ಡೆಯಲ್ಲಿ ನವಬೃಂದಾವನ. ಅಲ್ಲಿರುವ ವ್ಯಾಸರಾಯರಾದಿ ಒಂಬತ್ತು ಯತಿಗಳು, ತಿನ್ನುವವನು ಬೇರೆ ಸಕ್ಕರೆ ಬೇರೆ, ಆ ಅಂತರ ಎಂದಿಗೂ ಅಳಿಯದು ಎನ್ನುವ ಪಕ್ಷ. ಹೊಳೆಯಾಚೆ ಹಂಪಿಯಲ್ಲಿ ವಿದ್ಯಾರಣ್ಯರು, ಅಂತರವೇ ಭ್ರಮೆ ಎನ್ನುವವರು. ನಡುವೆ ಬೆಟ್ಟದ ಮೇಲೆ ಹನುಮಪ್ಪ. ಅವನದೆಂದು ಹೇಳುವ ಒಂದು ಸಂಸ್ಕೃತ ಶ್ಲೋಕದ ಭಾವ ಇಷ್ಟು: ದೇಹವೆಂದು ಎಣಿಸಿದರೆ ನಿನ್ನ ದಾಸ, ಜೀವವೆಂದು ಎಣಿಸಿದರೆ ನಿನ್ನ ಅಂಶ, ಆತ್ಮವೆಂದು ಎಣಿಸಿದರೆ ನೀನೇ ನಾನು. ಎರಡು ದಂಡೆಗೂ ಬೇಕಾದವನ ಮಾತು. ಮೋಕ್ಷ ಬಿಟ್ಟು, ರಾಮಕಥೆ ನಡೆಯುವಲ್ಲೆಲ್ಲ ಮೂಲೆಯಲ್ಲಿ ಕೂತು ಕೇಳುತ್ತಾನಂತೆ. ರುಚಿಗಾಗಿ ಉಳಿದ ಇರುವೆ ಅವನು, ಮೈ ಮಾತ್ರ ಬೆಟ್ಟದಷ್ಟು.

ನನ್ನ ಸ್ಥಿತಿ ಇದಕ್ಕೆ ತಿರುವುಮುರುವು. ನೆತ್ತರಲ್ಲೆಲ್ಲ ಸಕ್ಕರೆ, ನಾಲಿಗೆಗೆ ಮಾತ್ರ ಇಲ್ಲ. ತಿನ್ನುವ ಯೋಗ ತಪ್ಪಿ ನಾನೇ ಸಕ್ಕರೆಯಾಗಿಬಿಟ್ಟೆ. ಹಳೆಯ ವೈದ್ಯಗ್ರಂಥಗಳು ಈ ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹ ಎಂದು ಹೆಸರಿಟ್ಟವು. ಅದ್ವೈತ ಸಿದ್ಧಿಸಿದವನ ಲಕ್ಷಣ ಇದಾದರೆ, ರಾಮಪ್ರಸಾದ ಬೇಡ ಎಂದದ್ದು ಯಾಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹಾಗಾದರೆ ಕೈಗೆ ಬಂದ ಪ್ರಸಾದವನ್ನು ಏನು ಮಾಡಬೇಕು? ಪಂಪಾ ಸರೋವರದ ಪಕ್ಕದ ಶಬರಿಯ ಗುಹೆಗೆ ಹೋದಾಗಲೆಲ್ಲ ನಾನು ಇದನ್ನೇ ಯೋಚಿಸುತ್ತೇನೆ. ನೈವೇದ್ಯದ ಅಡುಗೆಯನ್ನು ಮಾಡಿದವರು ರುಚಿ ನೋಡಬಾರದು, ಮೂಸಲೂಬಾರದು. ಅಜ್ಜಿ ಉಪ್ಪನ್ನು ಅಂದಾಜಿಗೆ ಹಾಕುತ್ತಿದ್ದಳು. ಶಬರಿ ನಮ್ಮ ಜನ ಹೇಳುವ ಕಥೆಯಲ್ಲಿ ಪ್ರತಿ ಬಾರೆಹಣ್ಣನ್ನೂ ಕಚ್ಚಿ, ಸಿಹಿಯಾದದ್ದನ್ನಷ್ಟೇ ರಾಮನಿಗೆ ಕೊಟ್ಟಳು. ಹುಳಿಯೆಲ್ಲ ಅವಳ ಪಾಲಿಗೆ. ಅಲ್ಲಿ ಸಿಹಿ ಇದ್ದದ್ದು ಹಣ್ಣಿನಲ್ಲಿ ಎಂದು ಒಪ್ಪಿದರೂ, ಅದನ್ನು ಕಂಡುಹಿಡಿದದ್ದು ಇನ್ನೊಬ್ಬರ ನಾಲಿಗೆ. ಅಲ್ಲಿಂದ ನಾನು ಒಂದು ರೂಢಿ ಮಾಡಿಕೊಂಡೆ. ಫಳಾರ ಕೊಟ್ಟರೆ ಬೇಡ ಎನ್ನುವುದಿಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿ, ಒಂದು ಚುರುಮುರಿ ಬಾಯಿಗೆ ಹಾಕಿ, ಉಳಿದದ್ದನ್ನು ಪಕ್ಕದಲ್ಲಿ ಯಾರಿದ್ದರೂ ಅವರ ಕೈಗೆ ಹಾಕುತ್ತೇನೆ. ಅವರ ಮುಖ ನೋಡುತ್ತೇನೆ. ಛಾಂದೋಗ್ಯದ ದೇವತೆಗಳಷ್ಟಲ್ಲದಿದ್ದರೂ ಅರ್ಧ ತಣಿಯುತ್ತೇನೆ. ಇನ್ನರ್ಧ ಆಸೆ ಹಾಗೇ ಇದೆ, ಸುಳ್ಳು ಯಾಕೆ.

ಮೊಮ್ಮಗಳಿಗೆ ಆವತ್ತು ಹೇಳಿದೆ, "ನೀ ತಿನ್ನವ್ವಾ, ನಾ ನೋಡ್ತೀನಿ." ಅವಳು ಆನೆ ತಿಂದಳು, ಒಂಟೆಯ ಕಾಲು ಮುರಿದು ಚೀಪಿದಳು. ಗೌರಿಯ ವಿಷಯದಲ್ಲಿ ಮಾತ್ರ ತೀರ್ಮಾನವಾಗಲಿಲ್ಲ. ಅಜ್ಜನಿಗೂ ಪಾಲು ಇರಬೇಕೆಂದು ಹಟ. ಕೊನೆಗೆ ದೇವರ ಗೂಡಿನಲ್ಲಿ, ಎಣ್ಣೆ ದೀಪದ ಪಕ್ಕ ಇಟ್ಟು ಶಾಲೆಗೆ ಹೋದಳು.

ಸಂಜೆ ಬಂದವಳು ಚೀಲ ಇಳಿಸದೇ ಗೂಡಿನ ಹತ್ತಿರ ಹೋಗಿ ನಿಂತಳು. ಗೋಡೆಯ ಬಿರುಕಿನಿಂದ ಒಂದು ಕಪ್ಪು ಗೆರೆ ಏರಿ, ದೀಪದ ಬುಡ ಬಳಸಿ, ಗೌರಿಯ ಬೆನ್ನ ಮೇಲೆ ಹತ್ತಿತ್ತು. ನಾನು ಒದ್ದೆ ಬಟ್ಟೆ ತರಲು ಎದ್ದೆ. ಅವಳು ಬೇಡವೆಂಬಂತೆ ಕೈ ಅಡ್ಡ ಹಿಡಿದು, ಬಗ್ಗಿ ನೋಡಿ, ಮೆಲ್ಲಗೆ ಅಂದಳು:

"ಅಜ್ಜಾ, ಇರಿವಿ ತೆಲಿಯಿಂದ ಸುರು ಮಾಡ್ಯಾವ."