ಮೈಬಣ್ಣದ ಮದವೂ ಉಪವಾಸದ ಫಲವೂ



ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವಕ್ಕೆ ಮೀಸಲು. ಅಂದು ಸುದ್ದಗುಂಟೆಪಾಳ್ಯದ ಶ್ರಾವಕರೊಬ್ಬರು ಉಪವಾಸವಿದ್ದು, ಪೂಜೆ ಸ್ವಾಧ್ಯಾಯಗಳನ್ನು ಮುಗಿಸಿ ಮನೆಗೆ ಬಂದರೆಂದು ಭಾವಿಸೋಣ. ಬಾಗಿಲಲ್ಲಿ ಮಣಿಪುರದ ವಿದ್ಯಾರ್ಥಿಯೊಬ್ಬನು ಬಾಡಿಗೆಯ ಕೋಣೆ ಕೇಳಿಕೊಂಡು ನಿಂತಿದ್ದಾನೆ. "ನಿಮ್ಮದು ಯಾವ ದೇಶ?" ಎಂಬ ಮೊದಲ ಪ್ರಶ್ನೆಗೇ ಆತನ ಮುಖ ಬಾಡುತ್ತದೆ. ಕೋಣೆ ಖಾಲಿಯಿದ್ದರೂ, "ಬೇರೆಯವರಿಗೆ ಕೊಟ್ಟಾಯಿತು" ಎಂಬ ಉತ್ತರ ಬರುತ್ತದೆ. ಶ್ರಾವಕರು ಬೈಯಲಿಲ್ಲ, ಹೊಡೆಯಲಿಲ್ಲ. ತೊಟ್ಟು ನೀರನ್ನೂ ಮುಟ್ಟಲಿಲ್ಲ. ಆದರೆ ವ್ರತವು ಉಳಿಯಿತೇ?

ಮಾಂಸಾಹಾರದ ಆತಂಕವೆಂದು ಕೆಲವರು ಹೇಳಬಹುದು. ಹಾಗಿದ್ದಲ್ಲಿ ಮನೆಯ ನಿಯಮವನ್ನು ಬಂದವರೆಲ್ಲರಿಗೂ ಒಂದೇ ರೀತಿಯಲ್ಲಿ, ನೇರವಾಗಿ ತಿಳಿಸಬೇಕು. ಮುಖ ನೋಡಿ ಆಹಾರವನ್ನು ಊಹಿಸುವುದು ವಿವೇಕವಲ್ಲ. ಸುಳ್ಳು ನೆಪದಿಂದ ಸತ್ಯಾಣುವ್ರತಕ್ಕೂ ಭಂಗ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ 8 ಮದಗಳಲ್ಲಿ ಜಾತಿ, ಕುಲಗಳೊಡನೆ ಶರೀರದ ಮದವೂ ಸೇರಿದೆ. ಅಹಿಂಸಾಣುವ್ರತಕ್ಕೆ ಅವರು ಆರಿಸಿದ ನಿದರ್ಶನ ರಾಜನಲ್ಲ, ಮಾತಂಗನಾದ ಯಮಪಾಲ. 24 ತೀರ್ಥಂಕರರಲ್ಲಿ 16 ಮಂದಿ ಸ್ವರ್ಣವರ್ಣದವರು. ಚಂದ್ರಪ್ರಭ, ಪುಷ್ಪದಂತರು ಶ್ವೇತರು. ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣರು. ಸುಪಾರ್ಶ್ವ, ಪಾರ್ಶ್ವನಾಥರು ಹರಿತರು. ಮುನಿಸುವ್ರತ, ನೇಮಿನಾಥರು ಶ್ಯಾಮರು. ಶ್ಯಾಮವರ್ಣದ ಜಿನಬಿಂಬಕ್ಕೆ ಕೈಮುಗಿದವರು ಹೊರಗೆ ಬಂದು ಸೊಸೆಯ ಬಣ್ಣವನ್ನು ಹೀನೈಸಬಹುದೇ? ನಾಮಕರ್ಮದ ಉದಯದಿಂದ ಬಂದ ಮೈಬಣ್ಣ ದ್ರವ್ಯಲೇಶ್ಯೆ ಮಾತ್ರ. ಕಷಾಯದಿಂದ ಕೂಡಿದ ಪ್ರವೃತ್ತಿಯೇ ಭಾವಲೇಶ್ಯೆ. ಜೀವವನ್ನು ಕಪ್ಪಾಗಿಸುವುದು ಇದು. ಪರನಿಂದೆ, ಆತ್ಮಪ್ರಶಂಸೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಎಚ್ಚರಿಸುತ್ತದೆ. ಅನ್ಯರನ್ನು ಕೀಳೆಂದವನು ಕೀಳುತನವನ್ನು ತಾನೇ ಕಟ್ಟಿಕೊಳ್ಳುತ್ತಾನೆ.

ಇಂಥ ಮಾತು ಸಣ್ಣದೆಂದು ಎಣಿಸಬಾರದು. ಅಂಗಡಿಯಲ್ಲಿ ಒಂದು ನಗೆ, ಬಸ್ಸಿನಲ್ಲಿ ಒಂದು ಅಡ್ಡಹೆಸರು, ಬೀದಿಯಲ್ಲಿ ಒಂದು ದಿಟ್ಟನೋಟ: ನಿತ್ಯವೂ ಇವನ್ನುಂಡವನು ಮಾತು ಕಡಿಮೆ ಮಾಡುತ್ತಾನೆ, ತಲೆ ತಗ್ಗಿಸಿ ನಡೆಯುತ್ತಾನೆ, ಯಾರನ್ನೂ ನಂಬದವನಾಗುತ್ತಾನೆ. 2012ರ ಆಗಸ್ಟ್ ತಿಂಗಳಲ್ಲಿ ಹಬ್ಬಿದ ವದಂತಿಗೆ ಅಂಜಿ, ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಹೊರಗಿನವನೆಂದು ದಿನವೂ ಕೇಳಿದ ಕಿವಿಗೆ ಆ ವದಂತಿಯನ್ನು ನಂಬುವುದು ಕಷ್ಟವಾಗಿತ್ತೇ? ನೆರೆಯವರು ಮೊದಲೇ ಅವರ ಹೆಸರು ಕೇಳಿ, ಕ್ಷೇಮ ವಿಚಾರಿಸಿದ್ದರೆ, ಎಷ್ಟೋ ಮಂದಿ ಆ ರಾತ್ರಿ ನೆರೆಮನೆಯ ಬಾಗಿಲನ್ನೇ ತಟ್ಟುತ್ತಿದ್ದರು.

ಪರ್ವ ಮುಗಿದೊಡನೆ ಕ್ಷಮಾವಾಣಿ ಬರುತ್ತದೆ. ಬಂಧುಗಳಲ್ಲಿ ಕ್ಷಮೆ ಕೇಳುವುದು ಸುಲಭ. ಈ ಸಲ ಬಾಗಿಲಿನಿಂದ ಹಿಂದೆ ಕಳುಹಿಸಿದವನಲ್ಲಿ ಕ್ಷಮೆ ಕೇಳಿರಿ. ಮಾರ್ದವದ ಪಾರಣೆ ಅಲ್ಲಿ ಆಗಲಿ.