ಮೇಜಿನ ಮೇಲಿನ ಕಿವಿ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ವಯಸ್ಸಾದವರ ಮಾತನ್ನು ಮುದ್ರಿಸಿಕೊಂಡು, ಅವರು ಹಳೆಯ ಸಂಗತಿ ಹೇಳುವಾಗ ಕ್ರಿಯಾಪದಗಳು ಹೇಗೆ ಬದಲಾಗುತ್ತವೆ ಎಂದು ಗಮನಿಸುವುದು ನನ್ನ ಪಿಎಚ್‌ಡಿ ಕೆಲಸ. ಇದಕ್ಕೆ ನಾನು ಬಳಸುವುದು ಮೇಜಿನ ಮೇಲೆ ಚಪ್ಪಟೆಯಾಗಿ ಕೂರುವ ಒಂದು ಪುಟ್ಟ ಮೈಕು. ಈ ಮೈಕಿನಿಂದ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ.

ಮೊದಲು ಮೈಕಿನ ವಿಷಯ. ಬಾಯಿಂದ ಹೊರಟ ದನಿ ಮೈಕಿಗೆ ಎರಡು ದಾರಿಯಲ್ಲಿ ಬರುತ್ತದೆ: ಒಂದು ನೇರವಾಗಿ, ಇನ್ನೊಂದು ಮೇಜಿಗೆ ಬಡಿದು. ಮೈಕನ್ನು ಮೇಜಿನಿಂದ ಒಂದು ಗೇಣು ಎತ್ತರದಲ್ಲಿಟ್ಟರೆ ಎರಡನೆಯದು ಚೂರು ತಡವಾಗಿ ತಲುಪಿ, ಮೊದಲನೆಯದರ ಕೆಲವು ಸ್ವರಗಳನ್ನು ಅಳಿಸಿಹಾಕುತ್ತದೆ. ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಮೈಕನ್ನು ಮೇಜಿಗೆ ಅಂಟಿಕೊಂಡಂತೆ ಇಟ್ಟರೆ ಎರಡೂ ಒಟ್ಟಿಗೇ ತಲುಪುತ್ತವೆ, ದನಿ ತಿಳಿಯಾಗುತ್ತದೆ. ಹಳ್ಳಿಯ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಒಂದು ಟೀಪಾಯಿ. ಅದರ ಮೇಲೆ ಲೋಟ ಇಟ್ಟರೂ ಬೆರಳಾಡಿಸಿದರೂ ಗುಡುಗಿದಂತೆ ಮುದ್ರಣವಾಗುತ್ತದೆ. ಹಾಗಾಗಿ ಮೈಕಿನಡಿ ಮಡಚಿದ ಟವೆಲ್ ಹಾಸುತ್ತೇನೆ. ಐದು ನಿಮಿಷದಲ್ಲಿ ಅದು ಅಲ್ಲಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ನನಗೆ ಬೇಕಾದದ್ದೂ ಅದೇ.

ನೂರು ವರ್ಷದ ಹಿಂದೆ ಇದು ಸಾಧ್ಯವಿರಲಿಲ್ಲ. ಗ್ರಿಯರ್ಸನ್ ನೇತೃತ್ವದ ಭಾರತೀಯ ಭಾಷಾ ಸರ್ವೇಕ್ಷಣೆಗೆ ಗ್ರಾಮಫೋನ್ ತಟ್ಟೆಗಳಲ್ಲಿ ಮಾತು ಮುದ್ರಿಸಿಕೊಂಡ ಕಾಲದಲ್ಲಿ, ಮಾತಾಡುವವರು ದೊಡ್ಡ ಕಹಳೆಗೆ ಮುಖವೊಡ್ಡಿ ನಿಲ್ಲಬೇಕಿತ್ತು. ಎಷ್ಟೋ ಭಾಷೆಗಳಲ್ಲಿ ಬೈಬಲ್ಲಿನ ದುಂದುಗಾರ ಮಗನ ಕಥೆಯನ್ನೇ ಹೇಳಿಸಿದರು. ಮಾತು ಸಹಜವಾಗಿ ಬರಲಿಲ್ಲ, ನಿಜ. ಆದರೆ ಆ ಕಹಳೆಯನ್ನು ಮರೆತು ಯಾರೂ ಮನೆಯ ಗುಟ್ಟು ಹೇಳಿರಲಾರರು.

ನಾನು ಹೋದ ಮನೆಯ ಅಜ್ಜಿ ಎಂಬತ್ತರ ಆಸುಪಾಸಿನವರು. ಒಪ್ಪಿಗೆ ಪತ್ರವನ್ನು ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು. ಮೈಕನ್ನು ತಿರುಗಿಸಿ ನೋಡಿ, “ಇಷ್ಟ ಸಣ್ಣದು, ಎಷ್ಟ ದೂರದ್ದು ಕೇಳತೈತಿ?” ಎಂದರು. “ನೀವು ನನಗ ಹೇಳಿದ್ದಷ್ಟ ಕೇಳತೈತಿ ಅಜ್ಜಿ” ಎಂದು ನಕ್ಕೆ. ಅದು ಸುಳ್ಳು. ಅಡುಗೆಮನೆಯ ಕುಕ್ಕರಿನ ಸೀಟಿಯೂ ಅದರಲ್ಲಿ ಬಂದಿದೆ.

ಒಂದೂವರೆ ಗಂಟೆ ರಂಟೆ, ಕುಂಟೆ, ಕೂರಿಗೆ, ಸುಗ್ಗಿ ಎಂದು ಮಾತಾಡಿದೆವು. ಚಹಾ ಬಂತು. ನಾನು ಯಂತ್ರ ನಿಲ್ಲಿಸಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಎರಡರ ನಡುವೆ ಎಲ್ಲೋ ಇದೆ. ಅಜ್ಜಿ ದನಿ ತಗ್ಗಿಸಿ ತಮ್ಮ ಸಂಸಾರದ ಒಂದು ಸಂಗತಿ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾಸ್ಟೆಲ್ಲಿಗೆ ಬಂದು ಕೇಳಿದಾಗ, ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದದ್ದು ಆ 14 ನಿಮಿಷಗಳಲ್ಲಿತ್ತು. ಸುಗ್ಗಿಯ ಮಾತಿನುದ್ದಕ್ಕೂ ‘ಹೋದೆ, ಬಂದೆ’ ಎನ್ನುತ್ತಿದ್ದವರು, ಈ ಸಂಗತಿಯ ಕಟ್ಟಕಡೆಯ ಘಳಿಗೆಗೆ ಬಂದಾಗ ಭೂತಕಾಲವನ್ನು ಕೈಬಿಟ್ಟಿದ್ದರು. ನಲವತ್ತು ವರ್ಷದ ಹಿಂದಿನದು ಈಗ ಕಣ್ಣೆದುರೇ ನಡೆಯುತ್ತಿರುವಂತೆ ಹೇಳಿದ್ದರು. ನನ್ನ ಒಂದು ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವಂತಿರಲಿಲ್ಲ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಇದನ್ನು ವೀಕ್ಷಕನ ವಿರೋಧಾಭಾಸ ಎಂದು ಕರೆದರು: ಯಾರೂ ಗಮನಿಸದಿದ್ದಾಗ ಜನ ಹೇಗೆ ಮಾತಾಡುತ್ತಾರೆ ಎಂಬುದು ನಮಗೆ ಬೇಕು, ಆದರೆ ಗಮನಿಸದೆ ಅದು ತಿಳಿಯುವುದಿಲ್ಲ. 1962ರಲ್ಲಿ ಅವರೇ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಗಿರಾಕಿಯಂತೆ ದಾರಿ ಕೇಳಿ, ‘ನಾಲ್ಕನೇ ಮಹಡಿ’ ಎಂಬ ಉತ್ತರವನ್ನು ಕೇಳಿಸಿಕೊಂಡು, ಮರೆಗೆ ಹೋಗಿ ಗುರುತು ಹಾಕಿಕೊಂಡಿದ್ದರು. ನೌಕರರಿಗೆ ಅದು ಗೊತ್ತಿರಲಿಲ್ಲ. ಆದರೆ ಮಹಡಿಯ ಸಂಖ್ಯೆ ಯಾರ ಗುಟ್ಟೂ ಅಲ್ಲ. ನನ್ನ ಬಳಿ ಇದ್ದದ್ದು ಬೇರೆ.

ಮಾರ್ಗದರ್ಶಕರು ಹೇಳಿದ್ದರಲ್ಲಿ ಹುರುಳಿತ್ತು. ಸಹಿ ಇದೆ, ಹೆಸರು, ಊರು ತೆಗೆದರೆ ಯಾರಿಗೂ ತೊಂದರೆಯಿಲ್ಲ. ಈ ತಲೆಮಾರು ಹೋದರೆ ಈ ಮಾತೂ ಹೋಗುತ್ತದೆ, ಅಳಿಸಿ ಯಾರಿಗೇನು ಲಾಭ? ಎದುರು ಮಾತಾಡಲು ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ನಿಧಾನವಾಗಿ ಅನಿಸಿದ್ದು ಇಷ್ಟು: ತೊಂದರೆಯಾಗುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಲ್ಲ. ಮಾತನ್ನು ಯಾರಿಗೆ ಆಡಿದರು ಎಂಬುದೂ ಪ್ರಶ್ನೆಯೇ. ಕೂರಿಗೆಯ ಮಾತನ್ನು ಅಜ್ಜಿ ಸಂಶೋಧಕಿಗೆ ಹೇಳಿದ್ದರು. ಚಹಾದ ಹೊತ್ತಿನ ಮಾತನ್ನು ಮನೆಗೆ ಬಂದ ಹುಡುಗಿಗೆ ಹೇಳಿದ್ದರು. ಹೆಬ್ಬೆಟ್ಟು ಬಿದ್ದದ್ದು ಮೊದಲನೆಯದಕ್ಕೆ. ಮೈಕನ್ನು ಅವರು ಮರೆತದ್ದನ್ನೇ ಒಪ್ಪಿದ್ದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಮನೆಯವರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ ಮತ್ತೆ ಹೋದೆ. ಅಜ್ಜಿಯ ಕಿವಿಗೆ ಇಯರ್‌ಫೋನ್ ಇಟ್ಟು ಕೇಳಿಸಿದೆ. ಎರಡು ನಿಮಿಷ ಕೇಳಿ ತೆಗೆದರು.

“ಆವತ್ತ ಇದು ಕೇಳಾಕ ಹತ್ತಿತ್ತೇನ?”

“ಹೌದರಿ ಅಜ್ಜಿ. ನಂದ ತಪ್ಪಾತು.”

ಸುಮಾರು ಹೊತ್ತು ಸುಮ್ಮನಿದ್ದರು. ನನ್ನನ್ನು ಬೈಯಲಿಲ್ಲ. ಆಮೇಲೆ, “ಮಾತು ಇರಲಿ ತಂಗಿ, ಸುದ್ದಿ ಬ್ಯಾಡ” ಎಂದರು.

ನನ್ನಂಥವಳಿಗೆ ಇದು ಸುಲಭವೆಂದು ಮೊದಲು ಅನಿಸಿತು. ವ್ಯಾಕರಣ ಬೇರೆ, ವಿಷಯ ಬೇರೆ ಎಂದೇ ನಾವು ಕಲಿತದ್ದು. ಕುಳಿತು ಬರೆಯತೊಡಗಿದಾಗ ಗೊತ್ತಾಯಿತು, ಅವರ ಕ್ರಿಯಾಪದ ಕಾಲ ಬದಲಿಸಿದ್ದು ಸುದ್ದಿ ನೋಯಿಸುವ ಜಾಗದಲ್ಲೇ. ಸುದ್ದಿ ಬಿಟ್ಟರೆ ಬದಲಾವಣೆಗೆ ಕಾರಣವೇ ಇಲ್ಲ. 11 ಕ್ರಿಯಾರೂಪಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿಕೊಂಡು, ಆ 14 ನಿಮಿಷ ಅಳಿಸಿದೆ. ಪ್ರಬಂಧದಲ್ಲಿ ಆ ಪಟ್ಟಿಯ ಪಕ್ಕ ‘ಮುದ್ರಣ ಲಭ್ಯವಿಲ್ಲ’ ಎಂದಿರುತ್ತದೆ. ಪರೀಕ್ಷಕರು ಪುರಾವೆಯಿಲ್ಲ ಎಂದು ಅದನ್ನು ತೆಗೆಸಬಹುದು. ಅವರ ಜಾಗದಲ್ಲಿದ್ದರೆ ಬಹುಶಃ ನಾನೂ ಹಾಗೇ ಮಾಡುತ್ತಿದ್ದೆ.

ಈಗ ಚಹಾ ಬಂದ ಕೂಡಲೇ ಅವರೆದುರೇ ಮೈಕು ಬಂದ್ ಮಾಡಿ ಚೀಲದೊಳಗೆ ಹಾಕುತ್ತೇನೆ. ಒಳ್ಳೆಯ ಮಾತುಗಳೆಲ್ಲ ಆಮೇಲೆಯೇ ಬರುತ್ತವೆ. ಲೋಟ ಹಿಡಿದು ಕೇಳುತ್ತೇನೆ. ರಾತ್ರಿ ಅದನ್ನು ನೆನಪಿನಿಂದ ಬರೆದಿಟ್ಟುಕೊಂಡರೆ ಅದೂ ಅದೇ ತಪ್ಪೇ? ಕೆಲವು ರಾತ್ರಿ ಬರೆದಿದ್ದೇನೆ, ಕೆಲವು ರಾತ್ರಿ ಇಲ್ಲ.

ಹೋದ ತಿಂಗಳು ಅಜ್ಜಿಯ ಮನೆಗೆ ಸುಮ್ಮನೆ ಹೋಗಿದ್ದೆ. ಟೀಪಾಯಿ ಖಾಲಿ ಇತ್ತು. “ಅದು ಎಲ್ಲೈತಿ?” ಎಂದರು. “ಚೀಲದಾಗ ಐತ್ರಿ.” “ಬಂದ್ ಐತೇನ?” ತೆಗೆದು ತೋರಿಸಿದೆ. ಕೈಯಲ್ಲಿ ಹಿಡಿದು, ಹಿಂದೆ ಮುಂದೆ ನೋಡಿ, ವಾಪಸು ಕೊಟ್ಟ ಮೇಲೆಯೇ ಮಾತು ಶುರುಮಾಡಿದರು.