ಸಾಕ್ಷ್ಯಚಿತ್ರದ ಸತ್ಯ

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಒಂದು ಪ್ರಮಾಣವಚನ ಅಡಗಿದೆ: ಕಂಡದ್ದನ್ನು ಕಂಡಂತೆ ನುಡಿಯುತ್ತೇನೆ ಎಂಬುದು. ಈ ಪ್ರಕಾರದ ಆದ್ಯಕೃತಿಗಳಲ್ಲಿ ಒಂದೆನಿಸಿದ ‘ನಾನೂಕ್ ಆಫ್ ದಿ ನಾರ್ತ್’ (1922) ಆ ಪ್ರಮಾಣವನ್ನು ಎಷ್ಟರಮಟ್ಟಿಗೆ ಪಾಲಿಸಿತು?

ಕೆನಡಾದ ಹಡ್ಸನ್ ಕೊಲ್ಲಿಯ ತೀರದ ಇನ್ಯೂಟ್ ಜನರನ್ನು ರಾಬರ್ಟ್ ಫ್ಲಾಹರ್ಟಿ ಚಿತ್ರಿಸಿದ. ವೆಚ್ಚ ಭರಿಸಿದ್ದು ತುಪ್ಪಳದ ಒಂದು ವ್ಯಾಪಾರ ಸಂಸ್ಥೆ. ನಾನೂಕನ ನಿಜನಾಮ ಅಲ್ಲಾಕರಿಯಲ್ಲಾಕ್. ತೆರೆಯ ಮೇಲಿನ ಸಂಸಾರ ಅವನ ಸ್ವಂತ ಸಂಸಾರವಲ್ಲ. ಬಂದೂಕು ಬಲ್ಲ ಬೇಟೆಗಾರರ ಕೈಗೆ ಈಟಿ ಬಂತು. (ಬೇಟೆಯ ದೃಶ್ಯಗಳು ನಮ್ಮ ಮನಸ್ಸಿಗೆ ನೋವು ತರುವಂಥವು, ಆದರೆ ಹಿಮಪ್ರದೇಶದವರ ಆಹಾರವನ್ನು ಅಳೆಯುವುದು ಇಲ್ಲಿಯ ವಿಷಯವಲ್ಲ.) ಬೆಳಕಿಗಾಗಿ ಹಿಮದ ಮನೆಯನ್ನು ದೊಡ್ಡದಾಗಿ, ಒಂದು ಪಕ್ಕ ತೆರೆದಂತೆ ಕಟ್ಟಲಾಯಿತು. ಗ್ರಾಮಫೋನ್ ತಟ್ಟೆಯನ್ನು ಅವನು ಅಚ್ಚರಿಯಿಂದ ಕಚ್ಚಿ ನೋಡುವ ದೃಶ್ಯವೂ ಅಭಿನಯವೇ.

ಅವನು ಮನಃಪೂರ್ವಕವಾಗಿಯೇ ಸಹಕರಿಸಿದನಲ್ಲ, ಇದರಲ್ಲಿ ದೋಷವೇನು ಎಂದು ಕೇಳಬಹುದು. ಒಪ್ಪಿಗೆ ಅವನೊಬ್ಬನದು; ಆದರೆ ತಟ್ಟೆ ಕಚ್ಚಿದ ಮುಗ್ಧ ಎಂಬ ಬಿರುದು ಹೊತ್ತದ್ದು ಇಡೀ ಜನಾಂಗ. ಆ ಜನಾಂಗವನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಪುನರಭಿನಯವೇ ಅಸತ್ಯವೆನ್ನಲಾಗದು. 1990ರಲ್ಲಿ ಸ್ಥಾಪಿತವಾದ ಇಗ್ಲೂಲಿಕ್‌ನ ಇನ್ಯೂಟರದೇ ಆದ ಇಸುಮಾ ಸಂಸ್ಥೆ, 1940ರ ದಶಕದ ತಮ್ಮವರ ಬಾಳನ್ನು ‘ನೂನಾವುತ್’ ಎಂಬ ದೂರದರ್ಶನ ಮಾಲಿಕೆಯಲ್ಲಿ ಅಭಿನಯಿಸಿಯೇ ತೋರಿಸಿತು. ಇದು ಗತಕಾಲ ಎಂಬುದನ್ನು ಅದು ಮರೆಮಾಚಲಿಲ್ಲ. ಏನನ್ನು ನೆನೆಯಬೇಕೆಂದು ನಿರ್ಧರಿಸಿದವರೂ ಅವರೇ. ಯಾವ ಚಿತ್ರವೂ ಒಂದು ನಯವೇ. ತಾನೇ ಪೂರ್ಣವೆಂದು ನಟಿಸಿದಾಗ ಅದು ದುರ್ನಯವಾಗುತ್ತದೆ.

ಈ ಪ್ರಶ್ನೆ ನಮ್ಮ ಬಸದಿಗಳ ಬಾಗಿಲಿಗೂ ಬರುತ್ತದೆ. ಚಿತ್ರೀಕರಣಕ್ಕೆ ಅನುಮತಿ ಕೊಡುವುದು ಟ್ರಸ್ಟ್. ಕಟ್ಟಡದ ಮಟ್ಟಿಗೆ ಅದು ಸರಿ. ಸಲ್ಲೇಖನ ವ್ರತದಲ್ಲಿರುವ ವೃದ್ಧೆಯ ಕೋಣೆಗೆ ಕ್ಯಾಮೆರಾ ಹೋಗಬೇಕೆಂದರೆ? ಮಕ್ಕಳು ಒಪ್ಪಬಹುದು, ಸಮಿತಿ ಒಪ್ಪಬಹುದು, ಸಮಾಜಕ್ಕೆ ಕೀರ್ತಿಯೆಂದು ಹಿರಿಯರು ಹರ್ಷಿಸಲೂಬಹುದು. ಆಕೆ ಮೊದಲ ದಿನ ಒಪ್ಪಿದ್ದರೂ ಮಾತು ಉಡುಗಿದ ಮೇಲೆ ಬೇಡವೆನ್ನುವುದು ಹೇಗೆ? ನನ್ನ ಎಣಿಕೆಯಲ್ಲಿ, ಬೇಡವೆನ್ನಲಾರದವರ ಎದುರಿನಿಂದ ಕ್ಯಾಮೆರಾವನ್ನು ಹಿಂದೆ ಕರೆಯುವ ಹೊಣೆ ಅನುಮತಿ ಕೊಟ್ಟವರದೇ. ಇನ್ನು, ನಮಗೆ ಮುಜುಗರ ತರುವ ಭಾಗವನ್ನು ಕತ್ತರಿಸಿರೆಂದು ಕೇಳುವ ಟ್ರಸ್ಟುಗಳೂ ಉಂಟು. ಅವರಿಗೂ ಫ್ಲಾಹರ್ಟಿಗೂ ಅಂತರ ಬಹಳವಿಲ್ಲ. ಅವನು ಬಂದೂಕನ್ನು ಬಚ್ಚಿಟ್ಟ, ಇವರು ತಮ್ಮ ಭಿನ್ನಾಭಿಪ್ರಾಯಗಳನ್ನು ಬಚ್ಚಿಡುತ್ತಾರೆ.